ಹನ್ನೆರಡು ಮೊಟ್ಟೆ, ಒಂಬತ್ತು ಮರಿ: ತರಗತಿಯಲ್ಲಿ ಕಾವು ಕೊಟ್ಟ ನನ್ನ ಅನುಭವ

ಮೂರನೇ ಸಲ ಗೆದ್ದೆ. ಹನ್ನೆರಡು ಕೋಳಿ ಮೊಟ್ಟೆ ಇಟ್ಟೆ, ಒಂಬತ್ತು ಮರಿಯಾದವು. "ಮಕ್ಕಳ ಗಲಾಟೆಯಲ್ಲಿ ಮೊಟ್ಟೆ ಕೊಳೆಯುತ್ತವೆ ಅಷ್ಟೇ" ಎಂದಿದ್ದ ಸಹೋದ್ಯೋಗಿಗಳೇ ಮರಿ ನೋಡಲು ಮೊದಲು ಬಂದರು.

ಮೊದಲ ಸಲ ಒಂದೂ ಆಗಲಿಲ್ಲ. ದುಡ್ಡು ಉಳಿಸಲು ಫ್ಯಾನ್ ಇಲ್ಲದ ಅಗ್ಗದ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ತಂದಿದ್ದೆ. ಅದರ ಶಾಖದ ಮೀಟರ್ ಸರಿಯಾಗಿಯೇ ಇದೆ ಎಂದು ನಂಬಿ 21 ದಿನ ಕಾದೆವು. ಆಮೇಲೆ ಅನುಮಾನ ಬಂತು. ಮೀಟರಿನ ವೈರಿನ ತುದಿಯನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಂದೇ ಲೋಟದ ಬೆಚ್ಚನೆ ನೀರಿಗೆ ಇಳಿಸಿದೆ. ಮೀಟರ್ ಎರಡು ಡಿಗ್ರಿಯಷ್ಟು ಜಾಸ್ತಿ ತೋರಿಸುತ್ತಿತ್ತು! ಅಂದರೆ ಮೊಟ್ಟೆಗಳಿಗೆ ಕಾವೇ ಸಾಲದಾಗಿತ್ತು. ಉಳಿಸಿದ ದುಡ್ಡಿನ ಎರಡರಷ್ಟು ಹೊಸ ಮೊಟ್ಟೆ, ಹೊಸ ಪೆಟ್ಟಿಗೆ ಅಂತ ಕೈಬಿಟ್ಟಿತು. ಅದೂ ನನ್ನ ಜೇಬಿನಿಂದಲೇ.

ಎರಡನೇ ಸಲ ಫ್ಯಾನ್ ಇರುವ ಪೆಟ್ಟಿಗೆ, 37.5 ಡಿಗ್ರಿ ಪಕ್ಕಾ. ಆದರೆ ಶನಿವಾರ ಇಟ್ಟುಬಿಟ್ಟೆ. 21 ದಿನ ಅಂದರೆ ಮತ್ತೆ ಅದೇ ವಾರ ಬರುತ್ತದೆ ಅಲ್ವಾ? ಶುಕ್ರವಾರ ಮೊದಲ ಬಿರುಕು ಕಾಣಿಸಿತು. ರಜೆ ಶುರುವಾಗುವ ಮುಂಚೆ ಮಕ್ಕಳಿಗೆ ತೋರಿಸಬೇಕೆಂದು ನಾಲ್ಕೈದು ಸಲ ಮುಚ್ಚಳ ತೆಗೆದೆ. ಒಳಗಿನ ತೇವ ಹೋಗಿ ಪೊರೆ ಒಣಗಿ ಮರಿಗಳಿಗೆ ಅಂಟಿಕೊಂಡಿತು. ನಾಲ್ಕು ಮರಿ ಬದುಕಿದವು. ಪೂರ್ತಿ ಬೆಳೆದ ಮೂರು ಮರಿಗಳು ಚಿಪ್ಪಿನೊಳಗೇ ಸತ್ತಿದ್ದವು. ಸೋಮವಾರ ಮಕ್ಕಳಿಗೆ ಏನು ಹೇಳುವುದೆಂದು ತಿಳಿಯಲಿಲ್ಲ. ನಾನೇ ಮುಚ್ಚಳ ತೆಗೆದು ಕೊಂದೆ ಎಂದು ಇದ್ದದ್ದನ್ನೇ ಹೇಳಿದೆ.

ಹಾಗಾಗಿ ಈ ಸಲ ಬುಧವಾರ ಇಟ್ಟೆ. ಮೊಟ್ಟೆಗಳನ್ನು ಆಗಾಗ ತಿರುಗಿಸುತ್ತಿರಬೇಕು, ರಜೆ ದಿನ ಅದಕ್ಕೆ ಯಾರೂ ಇರುವುದಿಲ್ಲ. ಹಾಗಾಗಿ ತಾನೇ ತಿರುಗಿಸುವ ಮೋಟಾರಿನ ಟ್ರೇ ಹಾಕಿಸಿದೆ. ದುಡ್ಡು ಹಾಕುವುದಾದರೆ ಇದಕ್ಕೇ ಹಾಕಿ. ತೇವದ ಮೀಟರನ್ನೂ ಸುಮ್ನೆ ನಂಬಲಿಲ್ಲ. ಉಪ್ಪಿಗೆ ಸ್ವಲ್ಪ ನೀರು ಬೆರೆಸಿ ಗಟ್ಟಿ ಮಾಡಿ, ಮೀಟರ್ ಜೊತೆ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಶೇಕಡಾ 75 ತೋರಿಸಬೇಕು. ನನ್ನದು 69 ತೋರಿಸಿತು, ಆ ಆರನ್ನು ಕೂಡಿಸಿಕೊಂಡೇ ಲೆಕ್ಕ ಹಾಕಿದೆ.

18ನೇ ದಿನ ಟ್ರೇ ತೆಗೆದೆ. ತೇವವನ್ನು 50ರ ಆಸುಪಾಸಿನಿಂದ 65-70ಕ್ಕೆ ಏರಿಸಿ ಮುಚ್ಚಳಕ್ಕೆ ಟೇಪ್ ಸುತ್ತಿದೆ, ಗಾಳಿಯ ತೂತು ಮಾತ್ರ ಬಿಟ್ಟೆ. ಆಮೇಲೆ ಬೇಕಾದ ನೀರನ್ನು ಹೊರಗಿನಿಂದಲೇ ಹಾಕಿದೆ. ಅದಕ್ಕೆ ನಾನು ಮಾಡಿಕೊಂಡ ಉಪಾಯವನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಗಣಿತದ ಪೀರಿಯಡ್‌ನಲ್ಲಿ ಇನ್ನೊಂದು ಪ್ರಯೋಗ ಮಾಡಿದೆವು. ಪೆನ್ಸಿಲ್‌ನಿಂದ ನಂಬರ್ ಬರೆದು ಮೊಟ್ಟೆಗಳನ್ನು ಆಗಾಗ ತೂಗಿದೆವು. 55 ಗ್ರಾಂ ಇದ್ದದ್ದು 18ನೇ ದಿನಕ್ಕೆ 48ರ ಹತ್ತಿರ ಇಳಿದಿತ್ತು. ಎರಡು ಮೊಟ್ಟೆ ಮಾತ್ರ ಅಷ್ಟು ಇಳಿಯಲಿಲ್ಲ, ನಾಲ್ಕು ಗ್ರಾಂ ಕಳೆದುಕೊಂಡಿದ್ದವು ಅಷ್ಟೇ. ಅವೆರಡೂ ಒಡೆಯಲಿಲ್ಲ. "ಇವು ಬರಲ್ಲ ಟೀಚರ್" ಎಂದು ಒಬ್ಬ ಹುಡುಗಿ ಮೊದಲೇ ಹೇಳಿದ್ದಳು. ಇನ್ನೊಂದು ಮೊಟ್ಟೆ ಏಳನೇ ದಿನ ಬೆಳಕು ಹಿಡಿದಾಗಲೇ ಖಾಲಿ ಎಂದು ಗೊತ್ತಾಗಿತ್ತು.

ಬುಧವಾರ ಬೆಳಿಗ್ಗೆ ಎರಡನೇ ಪೀರಿಯಡ್‌ನಲ್ಲಿ ಮೊದಲ ಮರಿ ಹೊರಬಂತು. ಮುಚ್ಚಳ ತೆಗೆಯಿರಿ ಎಂದು ಈ ಸಲ ಯಾರೂ ಕೇಳಲಿಲ್ಲ. ಮೊಟ್ಟೆಯ ಹಳದಿಯ ಬಲ ಹೊಟ್ಟೆಯೊಳಗಿರುವುದರಿಂದ ಒಂದು ದಿನ ತಿನ್ನದಿದ್ದರೂ ಮರಿಗೆ ತೊಂದರೆಯಿಲ್ಲ. ಗುರುವಾರ ಮಧ್ಯಾಹ್ನ ಒಂಬತ್ತನೆಯದೂ ಒಣಗಿ ಉಬ್ಬಿಕೊಂಡ ಮೇಲೆ ಟೇಪ್ ಬಿಚ್ಚಿದೆ.