ಕರ್ಜಿಕಾಯಿ ಕೈಗೆ ಎಂಪನಾಡಾ

ಕರ್ಜಿಕಾಯಿ ಮಡಿಸಿ ಅಭ್ಯಾಸ ಇದ್ದರೆ ಅರ್ಜೆಂಟೀನಾದ ಎಂಪನಾಡಾ, ಅಂದರೆ ಹೂರಣ ತುಂಬಿ ಮಡಿಸಿದ ಖಾರದ ತಿಂಡಿ, ಕಷ್ಟವಲ್ಲ. ಕಾಲು ಕೆಜಿ ಮೈದಾಕ್ಕೆ 100 ಗ್ರಾಂ ತಣ್ಣನೆ ಬೆಣ್ಣೆ, ಉಪ್ಪು ಹಾಕಿ ಬೆರಳ ತುದಿಯಲ್ಲಿ ಉಜ್ಜಿ. ನೀರು ಚಿಮುಕಿಸಿ ಕಲಸಿ, ಅರ್ಧ ಗಂಟೆ ಬಿಡಿ. ಅಲ್ಲಿ ಒಳಗೆ ತುಂಬುವುದು ಮಾಂಸ, ಈರುಳ್ಳಿ ಜಾಸ್ತಿ. ನಾನು ನಮ್ಮ ಹಾಸನದ ಆಲೂಗಡ್ಡೆ ಪಲ್ಯ ತುಂಬುತ್ತೇನೆ.

ಪಲ್ಯ ಪೂರ್ತಿ ಆರಿರಲಿ. ಮೊದಲ ಸಲ ಬಿಸಿಯಲ್ಲೇ ತುಂಬಿದ್ದೆ, ಆರೂ ಓವನ್‌ನಲ್ಲಿ ಬಾಯಿಬಿಟ್ಟವು. ಹಿಟ್ಟನ್ನು ಪೂರಿ ಹಾಗೆ ಲಟ್ಟಿಸಿ, ನಡುವೆ ಪಲ್ಯ ಇಟ್ಟು, ಅಂಚಿಗೆ ನೀರು ಸವರಿ ಮಡಿಸಿ. ತುದಿಯಿಂದ ಚೂರು ಚೂರೇ ಮಡಚಿ ಹೆಬ್ಬೆರಳಿಂದ ಒತ್ತುತ್ತಾ ಹೋಗಿ, ಹೊಸೆದ ಹಗ್ಗದ ಹಾಗೆ ಕಾಣಬೇಕು. ಇದೇ ರೆಪುಲ್ಗೆ. ಆ ನಮೂನೆ ನೋಡಿಯೇ ಒಳಗೇನಿದೆ ಅಂತ ಗುರುತಿಸುತ್ತಾರೆ. ಎಷ್ಟು ಚೆಂದ ಅಲ್ವಾ!

200 ಡಿಗ್ರಿಯಲ್ಲಿ ಸುಮಾರು 25 ನಿಮಿಷ. ತಟ್ಟೆ, ಚಮಚ ಬೇಡ, ಕೈಯಲ್ಲೇ ಹಿಡಿದು ತಿನ್ನಿ. ಜೊತೆಗೆ ಕೊತ್ತಂಬರಿ ಚಟ್ನಿ.