ಆಪರೇಷನ್ನಿಗೆ ಮುಂಚಿನ ಮೂರು ವಾರ

ಮಡಿಕೇರಿ ಕಡೆಯವರು ಕ್ಯಾನ್ಸರ್ ಆಪರೇಷನ್ನಿಗೆ ಹೆಚ್ಚಾಗಿ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ತಾರೀಕು ಗೊತ್ತಾದ ಮೇಲೆ ಎರಡು ಮೂರು ವಾರ ಸಿಗುತ್ತದೆ. ಅಷ್ಟರಲ್ಲಿ 70 ದಾಟಿದವರ ಕಾಲು, ಉಸಿರು, ಊಟವನ್ನು ಸರಿಮಾಡುವುದು ಫಿಸಿಯೋಥೆರಪಿಯವರಾದ ನಮ್ಮ ಕೆಲಸ.

ಮನೆಯಲ್ಲಿ ಎಷ್ಟು ನಡೆದರು, ಏನು ತಿಂದರು ಅಂತ ತಿಳಿಯಲು ಆ್ಯಪ್ ಹಾಕಿಸುವುದನ್ನು ಬಿಟ್ಟಿದ್ದೇವೆ. ಪಾಸ್‌ವರ್ಡ್ ಕೇಳಿದ ಕೂಡಲೇ ಅಜ್ಜ ಫೋನನ್ನು ಮೊಮ್ಮಗಳಿಗೆ ಕೊಡುತ್ತಾರೆ. ಅವಳು ಸೋಮವಾರ ಹಾಸ್ಟೆಲಿಗೆ ಹೊರಡುತ್ತಾಳೆ. ವಾಟ್ಸಾಪಿನ ವಾಯ್ಸ್ ಮೆಸೇಜೇ ಸಾಕು. ನಡೆದು ಮುಗಿಸಿ, ಕೂರುವ ಮೊದಲೇ, ಇವತ್ತು ಏನೇನು ತಿಂದಿರಿ ಅಂತ ಹೇಳಿ ಕಳಿಸಲು ಹೇಳುತ್ತೇವೆ. ಊಟದ ಲೆಕ್ಕದ ಜೊತೆ ಉಸಿರೂ ಕೇಳಿಸುತ್ತದೆ. ಒಂದೇ ಉಸಿರಿಗೆ ವಾಕ್ಯ ಮುಗಿದರೆ ನಾಳೆ ಇನ್ನೂ ಸ್ವಲ್ಪ ಬಿರುಸಾಗಿ ನಡೆಯಬಹುದು. ಎರಡೆರಡು ಪದಕ್ಕೆ ನಿಲ್ಲಿಸಿದರೆ ಕಡಿಮೆ ಮಾಡಬೇಕು. ಎದೆನೋವು, ತಲೆಸುತ್ತು ಬಂದರೆ ನಡಿಗೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಫೋನ್.

ಹೆಜ್ಜೆ ಎಣಿಸುವ ಗಡಿಯಾರವನ್ನು ನಂಬಬೇಡಿ. ಕೋಲೂರಿ ನಿಧಾನಕ್ಕೆ ನಡೆಯುವವರ ಎಷ್ಟೋ ಹೆಜ್ಜೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಾಫಿ ಕಣದ ಉದ್ದ ಒಮ್ಮೆ ಅಳೆದು ಸುತ್ತು ಎಣಿಸುವುದು ಲೇಸು. ಕಾಫಿ ಒಣಗಲು ಹಾಕಿದಾಗಲೂ ಮಳೆಗಾಲದಲ್ಲೂ ಜಗಲಿಯೇ ಗತಿ. ಕರೆಂಟ್, ನೆಟ್‌ವರ್ಕ್ ಎರಡೂ ಹೋಗುವ ದಿನಗಳಿಗೆ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತೇವೆ, ಫೋಟೋ ಆಮೇಲೆ ಬಂದರಾಯಿತು.

ವಿಡಿಯೋ ಬೇಕಾಗುವುದು ಮೂರು ಚೆಂಡಿನ ಸ್ಪೈರೋಮೀಟರಿಗೆ, ಅಂದರೆ ಉಸಿರಾಟದ ವ್ಯಾಯಾಮದ ಪುಟ್ಟ ಸಾಧನಕ್ಕೆ. ಮುಕ್ಕಾಲು ಜನ ಅದನ್ನು ಊದುತ್ತಾರೆ, ಆದರೆ ಅದರಿಂದ ಉಸಿರು ಒಳಗೆ ಎಳೆಯಬೇಕು. ಒಂದೇ ಸಲ ಜೋರಾಗಿ ಎಳೆದು ಮೂರೂ ಚೆಂಡು ಹಾರಿಸಿದರೆ ಮನೆಯವರಿಗೆ ಖುಷಿ, ಶ್ವಾಸಕೋಶಕ್ಕೆ ಪ್ರಯೋಜನವಿಲ್ಲ. ನಿಧಾನವಾಗಿ ಎಳೆದು ಒಂದೋ ಎರಡೋ ಚೆಂಡನ್ನು ಎರಡು ಮೂರು ಸೆಕೆಂಡ್ ಮೇಲೇ ನಿಲ್ಲಿಸಬೇಕು. ಹಲ್ಲಿನ ಸೆಟ್ ತೆಗೆದಿಟ್ಟಿದ್ದರೆ ತುಟಿ ಪಕ್ಕದಿಂದ ಗಾಳಿ ಸೋರುತ್ತದೆ. ಚೆಂಡು ಕೈಗೆ ಮರೆಯಾಗದ ಹಾಗೆ ಪಕ್ಕದಿಂದ ಶೂಟ್ ಮಾಡಿಸಿ.

ಪ್ರೋಟೀನು ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ, ಅಂದರೆ 60 ಕಿಲೋದವರಿಗೆ 72ರಿಂದ 90. ಅಕ್ಕಿರೊಟ್ಟಿ, ಚಟ್ನಿಯಿಂದ ಇದು ಮುಟ್ಟುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಕೋಳಿ, ಮೀನು, ಹೆಸರುಕಾಳು, ಮೊಸರು ಮೂರು ಹೊತ್ತೂ ಹಂಚಿಕೊಳ್ಳಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಡಾಕ್ಟರೇ ಹೇಳಬೇಕು.

ಮಾತ್ರೆ ಪಟ್ಟಿ ಬರೆಸುವುದಕ್ಕಿಂತ ಸ್ಟ್ರಿಪ್ಪಿನ ಹಿಂದು ಮುಂದು ಫೋಟೋ ತರಿಸುವುದು ಸುಲಭ. ಆದರೆ ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ಹೆಸರು ಉಳಿದಿರುವುದಿಲ್ಲ, ಡಾಕ್ಟರ ಚೀಟಿಯ ಫೋಟೋವೂ ಬೇಕು. ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್ ಕಂಡರೆ ಕೂಡಲೇ ಅರಿವಳಿಕೆ ಡಾಕ್ಟರಿಗೆ ಕಳಿಸುತ್ತೇವೆ. ಅದನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸುತ್ತಾರೆ. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ಯಾರೂ ತಮ್ಮಷ್ಟಕ್ಕೆ ಬಿಡಬಾರದು.

ಕೊನೆಯ ರಾತ್ರಿಗೆ ಫೋನಿನಲ್ಲಿ ಎರಡು ಅಲಾರಂ: ಆಪರೇಷನ್ನಿಗೆ 6 ಗಂಟೆ ಮೊದಲು ಊಟ ಬಂದ್, 2 ಗಂಟೆ ಮೊದಲು ನೀರೂ ಬಂದ್. ಇಲ್ಲಿ ಎಡವುವುದು ಕಾಫಿಯಲ್ಲಿ. ಹಾಲು ಹಾಕಿದ್ದು ಊಟದ ಲೆಕ್ಕ. ಸೋಸಿದ ಬೆಲ್ಲದ ಕರಿ ಕಾಫಿ ನೀರಿನ ಲೆಕ್ಕ, ಅದೂ ಅರಿವಳಿಕೆ ಡಾಕ್ಟರು ಒಪ್ಪಿದರೆ.