ತಗಡಿನ ಸೂರಿನಡಿ ಎರಡು ಟಾಪು, ಒಂದು ಬೇಸು

ಬೇಸ್ ಬಾಕ್ಸ್ (ಸಬ್‌ವೂಫರ್, ಕೆಳಸ್ವರಕ್ಕೆ ಮಾತ್ರ ಇರುವ ಸ್ಪೀಕರ್) ಅಂದರೆ ಗಣಪತಿ ಮೆರವಣಿಗೆಯ ಎದೆ ನಡುಗಿಸುವ ಸದ್ದು ಎಂಬ ಭಾವನೆ ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ತಾಳಮದ್ದಲೆಗೋ ಸುಗಮ ಸಂಗೀತಕ್ಕೋ ಓಮ್ನಿಯಿಂದ ಅದನ್ನು ಇಳಿಸುತ್ತಿದ್ದ ಹಾಗೆ ಸಂಘಟಕರು ಕೇಳುವುದು ಒಂದೇ: "ಇದೆಲ್ಲ ಎಂತಕ್ಕೆ ಮಾರಾಯ್ರೆ, ನಮ್ಮದು ಬರೀ ಮಾತು, ನಾಲ್ಕು ಹಾಡು." ಆ ಮಾತು ಕೊನೇ ಸಾಲಿನವರೆಗೂ ಅಕ್ಷರ ಬಿಡದೆ ಕೇಳಬೇಕು ಅಂತಲೇ ನಾನು ಬೇಸ್ ತರುವುದು.

ಅಷ್ಟೇ ಜೋರಿನ ಸದ್ದನ್ನು 100 ಹರ್ಟ್ಜ್ (ಸೆಕೆಂಡಿಗೆ 100 ಕಂಪನ; ಅಂಕಿ ಇಳಿದಷ್ಟೂ ಸ್ವರ ಕೆಳಗೆ) ಬದಲು 50 ಹರ್ಟ್ಜ್‌ನಲ್ಲಿ ಕೊಡಬೇಕಾದರೆ ಸ್ಪೀಕರಿನ ಕೋನ್ 4 ಪಟ್ಟು ಹೆಚ್ಚು ಒಳಹೊರಗೆ ಓಡಾಡಬೇಕು. 10 ಇಂಚಿನ ಟಾಪ್ (ಸ್ಟ್ಯಾಂಡಿನ ಮೇಲಿಡುವ ಮುಖ್ಯ ಸ್ಪೀಕರ್) ಒಂದರ ಮೇಲೇ ತಬಲಾದ ಡಗ್ಗಾ, ಕೀಬೋರ್ಡಿನ ಕೆಳಸ್ವರ, ಹಾಡುಗಾರರ ದನಿ ಎಲ್ಲವನ್ನೂ ಹೇರಿದರೆ ಒಳಗಿನ ಲಿಮಿಟರ್, ಅಂದರೆ ಸದ್ದು ಮಿತಿ ಮೀರದ ಹಾಗೆ ತಡೆಯುವ ಭಾಗ, ಕೆಲಸ ಶುರುಮಾಡುತ್ತದೆ. ಡಗ್ಗಾದ ಒಂದೊಂದು ಪೆಟ್ಟಿಗೂ ದನಿ ಒಂದು ಕ್ಷಣ ಕುಗ್ಗಿ ಮತ್ತೆ ಏಳುತ್ತದೆ. ಕೇಳುವವರಿಗೆ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ, "ಮೈಕ್ ಸರಿ ಇಲ್ಲ" ಅನ್ನುತ್ತಾರೆ. ಆ ಕೆಳಗಿನ ಭಾರವನ್ನು ಬೇರೆ ಬಾಕ್ಸಿಗೆ ದಾಟಿಸಿದರೆ ಅದೇ ಟಾಪ್ ನಿರಾಳವಾಗಿ ಮಾತಾಡುತ್ತದೆ.

150ರಿಂದ 250 ಜನ ಕೂರುವ ಸಮುದಾಯ ಭವನಕ್ಕೆ ನಾನು ಒಯ್ಯುವುದು ಇಷ್ಟು: 10 ಇಂಚಿನ ಆಕ್ಟಿವ್ (ಆಂಪ್ಲಿಫೈಯರ್ ಒಳಗೇ ಇರುವ) ಟಾಪ್ ಎರಡು, 12 ಇಂಚಿನ ಆಕ್ಟಿವ್ ಸಬ್‌ವೂಫರ್ ಒಂದು, ಮಾನಿಟರಿಗೆ (ವೇದಿಕೆಯ ಮೇಲಿನವರಿಗೆ ಕೇಳಿಸಲು) ಮತ್ತೊಂದು ಜೊತೆ ಸಣ್ಣ ಬಾಕ್ಸ್, 12 ಚಾನೆಲ್ಲಿನ ಡಿಜಿಟಲ್ ಮಿಕ್ಸರ್, ಎರಡು ಸ್ಟ್ಯಾಂಡ್, 20 ಮೀಟರಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ 4, 10 ಮೀಟರಿನದು 6. ಕಾಲೇಜಿನ ಬ್ಯಾಂಡು, ಅಂದರೆ ಕಿಕ್ ಡ್ರಮ್ಮು ಬೇಸ್ ಗಿಟಾರು ಇದ್ದರೆ ಮಾತ್ರ 15 ಇಂಚಿನ ಸಬ್ ಎರಡು.

ಟಾಪ್ 15 ಇಂಚಿನದೇ ಇರಲಿ ಎನ್ನುವವರು ಬಹಳ. ಎರಡು ದಾರಿಯ ಬಾಕ್ಸಿನಲ್ಲಿ (ಕೆಳಸ್ವರಕ್ಕೆ ಕೋನ್, ಮೇಲುಸ್ವರಕ್ಕೆ ಹಾರ್ನ್) ಸ್ವರ ಮೇಲಕ್ಕೆ ಹೋದ ಹಾಗೆ ದೊಡ್ಡ ಕೋನ್ ಸದ್ದನ್ನು ಟಾರ್ಚಿನ ಹಾಗೆ ನೇರಕ್ಕೆ ಎಸೆಯುತ್ತದೆ. ಪಕ್ಕದಲ್ಲಿ ಕೂತವರಿಗೆ 1,500 ಹರ್ಟ್ಜ್ ಸುತ್ತಮುತ್ತ, ಅಂದರೆ ಮಾತಿನ ಜೀವ ಇರುವಲ್ಲೇ, ಸದ್ದು ತೆಳ್ಳಗಾಗುತ್ತದೆ. ಸಬ್ ಇದ್ದ ಮೇಲೆ ಟಾಪಿಗೆ ದೊಡ್ಡ ಕೋನ್ ಬೇಕಿಲ್ಲ. ಜೋರು ಸಾಲದು ಅನ್ನುವ ಹೆದರಿಕೆಗೆ ಲೆಕ್ಕ ಹೀಗೆ. ಯಮಾಹಾ ಡಿಬಿಆರ್ 10 ಎಂಬ ಟಾಪ್ ತೂಗುವುದು ಹತ್ತೂವರೆ ಕೆಜಿ, ಕಂಪನಿ ಬರೆದ ಗರಿಷ್ಠ ಸದ್ದು 1 ಮೀಟರಿನಲ್ಲಿ 129 ಡಿಬಿ (ಡೆಸಿಬೆಲ್, ಸದ್ದಿನ ಜೋರಿನ ಅಳತೆ). ಅದು ಕ್ಷಣಮಾತ್ರದ ತುದಿ. ನಿಜಕ್ಕೂ ನಿಲ್ಲುವ ಮಟ್ಟ ಅಂತ 12 ಕಳೆಯಿರಿ, 117. ದೂರ ಇಮ್ಮಡಿಯಾದಾಗಲೆಲ್ಲ 6 ಡಿಬಿ ಹೋಗುತ್ತದೆ, 16 ಮೀಟರಿಗೆ ನಾಲ್ಕು ಸಲ, ಒಟ್ಟು 24. ಕೊನೇ ಸಾಲಿಗೆ ಇನ್ನೂ 93 ಉಳಿಯಿತು. ಮಾತಿಗೆ 75ರಿಂದ 80 ಧಾರಾಳ.

ಟಾಪ್‌ಗಳನ್ನು ವೇದಿಕೆಯ ಅಂಚಿಗಿಂತ ಅರ್ಧ ಮೀಟರ್ ಮುಂದೆ, ಎರಡೂ ಕಡೆ, ಹಾರ್ನ್ ನೆಲದಿಂದ 2.2 ಮೀಟರ್ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸುತ್ತೇನೆ. ಸೂರಿನ ಹತ್ತಿರಕ್ಕೆ ಏರಿಸಿದರೆ ಸದ್ದು ಮೊದಲು ತಗಡಿಗೆ ಹೊಡೆದು ಆಮೇಲೆ ಜನರಿಗೆ ಬರುತ್ತದೆ. ಕೆಲವು ಬಾಕ್ಸಿನ ತಳದಲ್ಲಿ ಕಂಬಕ್ಕೆ ಎರಡು ತೂತು ಇರುತ್ತವೆ, ಒಂದು ನೇರ, ಇನ್ನೊಂದು ಮುಂದಕ್ಕೆ ಬಾಗಿದ್ದು, ಬಾಗಿದ್ದನ್ನೇ ಬಳಸಿ. ಎಡ ಬಲ ಎರಡೂ ಬಾಕ್ಸುಗಳು ಸಭೆಯ ಮುಕ್ಕಾಲು ಭಾಗದ ನಡುವನ್ನು ನೋಡುವ ಹಾಗೆ ಸ್ವಲ್ಪ ಒಳಮುಖ. ಹಿಂದಿನ ಗೋಡೆ ಬರೀ ಸಿಮೆಂಟಾಗಿದ್ದರೆ ಶಾಮಿಯಾನದ ಪರದೆಯನ್ನು ಗೋಡೆಯಿಂದ ಒಂದು ಗೇಣು ಬಿಟ್ಟು, ನೆರಿಗೆ ಹಿಡಿದು ಇಳಿಬಿಡುತ್ತೇನೆ. ಖರ್ಚಿಲ್ಲದ ಕೆಲಸ, ಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಸರಿನಿಂದ ಸಿಗದ ಫಲ.

ಸಬ್ ಎಲ್ಲಿಡಬೇಕು? ವೇದಿಕೆಯ ಮೇಲಂತೂ ಬೇಡ. ಹಲಗೆಯ ವೇದಿಕೆ ಅಂದರೆ ಟೊಳ್ಳು ಡಬ್ಬ. ಅದು ನಡುಗಿದರೆ ಮೈಕ್ ಸ್ಟ್ಯಾಂಡ್ ನಡುಗುತ್ತದೆ, ನಡುಕ ಮೈಕಿಗೆ ಹೋಗಿ ಮತ್ತೆ ಸಬ್ಬಿಗೇ ಬರುತ್ತದೆ, ಗುಂಯ್ ಅಂತ ಎದ್ದ ಸದ್ದು ಇಳಿಯುವುದೇ ಇಲ್ಲ. ವೇದಿಕೆಯ ಬುಡದಲ್ಲಿ, ಸಿಮೆಂಟ್ ನೆಲದ ಮೇಲೆ, ಆದಷ್ಟು ನಡುವೆ ಇಡಿ. ದೀಪ ಬೆಳಗಿಸುವವರಿಗೆ ದಾರಿ ಬೇಕು ಅಂದರೆ ಒಂದು ಟಾಪಿನ ಕೆಳಗೆ. ಎರಡು ಸಬ್ ಇದ್ದರೂ ಎಡಕ್ಕೊಂದು ಬಲಕ್ಕೊಂದು ಹಂಚಬೇಡಿ. 70 ಹರ್ಟ್ಜ್‌ನ ಅಲೆ ಸುಮಾರು 4.9 ಮೀಟರ್ ಉದ್ದ. ಒಂದು ಸಬ್ ಇನ್ನೊಂದಕ್ಕಿಂತ ಎರಡೂವರೆ ಮೀಟರ್ ದೂರ ಇರುವ ಕುರ್ಚಿಯಲ್ಲಿ ಎರಡರ ಸದ್ದೂ ಒಂದನ್ನೊಂದು ನುಂಗುತ್ತವೆ. ನಡುವಿನ ಓಣಿಯಲ್ಲಿ ನಡೆಯುವವನಿಗೆ ಬೇಸೋ ಬೇಸು, ಪಕ್ಕದ ಕುರ್ಚಿಯವನಿಗೆ ಶೂನ್ಯ. ಎರಡನ್ನೂ ಅಂಟಿಸಿ ಇಟ್ಟರೆ 6 ಡಿಬಿ ಲಾಭ, ಎಲ್ಲರಿಗೂ ಒಂದೇ ಸಮ.

ಜೋಡಣೆಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮಿಕ್ಸರಿನಿಂದ ಸಬ್ಬಿಗೆ, ಸಬ್ಬಿನ ಔಟ್‌ನಿಂದ ಟಾಪಿಗೆ ಕೇಬಲ್ ಹಾಕುತ್ತಾರೆ. ಅನೇಕ ಸಬ್‌ಗಳು ಔಟ್‌ನಲ್ಲೇ ಕೆಳಸ್ವರ ಕತ್ತರಿಸಿ ಕಳಿಸುತ್ತವೆ. ಅದರ ಮೇಲೆ ಟಾಪಿನ ಬೆನ್ನಿನಲ್ಲಿರುವ ಹೈಪಾಸ್ (ಕೆಳಸ್ವರ ಕತ್ತರಿಸುವ) ಸ್ವಿಚ್ಚನ್ನೂ ಒತ್ತಿದರೆ ಎರಡು ಸಲ ಕತ್ತರಿಸಿದ ಹಾಗಾಯಿತು. 100ರಿಂದ 150 ಹರ್ಟ್ಜ್ ಮಧ್ಯೆ ಹೊಂಡ ಬಿದ್ದು ಗಂಡಸರ ದನಿಯ ತಳವೇ ಮಾಯವಾಗುತ್ತದೆ. ಕತ್ತರಿ ಒಂದೇ ಇರಲಿ.

ನಾನು ಹಾಗೆ ಜೋಡಿಸುವುದೂ ಇಲ್ಲ. ಟಾಪ್‌ಗಳಿಗೆ ಮೇನ್ ಔಟ್, ಟಾಪಿನ ಹೈಪಾಸ್ 100ಕ್ಕೆ. ಸಬ್ಬಿಗೆ ಬೇರೆಯೇ ಒಂದು ಆಕ್ಸ್ ಔಟ್ (ಬೇಕಾದ ಚಾನೆಲ್ಲುಗಳನ್ನಷ್ಟೇ ಆರಿಸಿ ಕಳಿಸುವ ದಾರಿ), ಸಬ್ಬಿನ ಲೋಪಾಸೂ (ಮೇಲುಸ್ವರ ಕತ್ತರಿಸುವುದು) 100ಕ್ಕೆ. ಆ ಆಕ್ಸಿಗೆ ಹೋಗುವುದು ಡಗ್ಗಾದ ಮೈಕ್, ಮದ್ದಳೆ, ಕೀಬೋರ್ಡ್, ಟ್ರ್ಯಾಕ್ (ರೆಕಾರ್ಡ್ ಆದ ಹಿನ್ನೆಲೆ ಸಂಗೀತ) ಮಾತ್ರ. ಮಾತಿನ ಮೈಕ್ ಒಂದೂ ಇಲ್ಲ. ಉಸಿರಿನ ಬುಸ್, 'ಪ' 'ಬ'ಗಳ ಹೊಡೆತ, ಮೈಕ್ ಕೈ ಬದಲಾಯಿಸುವಾಗಿನ ದಡಬಡ, ಇವಕ್ಕೆಲ್ಲ ಸಬ್ಬಿನ ಬಾಗಿಲು ಮುಚ್ಚಿತು. ಆಕ್ಸಿಗೆ ಕಳಿಸುವ ಚಾನೆಲ್‌ಗಳೆಲ್ಲ 0 ಡಿಬಿಯಲ್ಲೇ, ಫೇಡರಿನ (ಸದ್ದು ಏರಿಳಿಸುವ ಜಾರುಗುಂಡಿ) ನಂತರದಿಂದ. ಏರಿಳಿತ ಬೇಕಿದ್ದರೆ ಆಕ್ಸಿನ ಮಾಸ್ಟರಿನಲ್ಲಿ. ಬಾಕ್ಸಿನ ಬೆನ್ನಿನ ಮೈಕ್/ಲೈನ್ ಸ್ವಿಚ್ ಲೈನಿಗೇ ಇದೆಯಾ ನೋಡಿ. ಬೇಸ್ ಬೂಸ್ಟ್ ಕೊಡುವ ಬಟನ್ ಯಾವುದೇ ಹೆಸರಿನಲ್ಲಿದ್ದರೂ ಆಫ್.

ಈಗ ಸಬ್ಬನ್ನೂ ಟಾಪನ್ನೂ ಹೊಂದಿಸುವುದು, ಅಂದರೆ ಎರಡರ ಸದ್ದೂ ಕೇಳುವವರಿಗೆ ಒಟ್ಟಿಗೆ ತಲುಪುವ ಹಾಗೆ ಮಾಡುವುದು. ಅರ್ಧ ಗಂಟೆಯ ಕೆಲಸ, ಬಿಟ್ಟರೆ ಉಳಿದದ್ದೆಲ್ಲ ದಂಡ. ಸಭೆಯ ನಡುವೆ, ಸುಮಾರು 10 ಮೀಟರ್ ದೂರದಲ್ಲಿ, ಕೂತವರ ಕಿವಿಯ ಎತ್ತರಕ್ಕೆ ಮೊಬೈಲ್ ಹಿಡಿಯಿರಿ, ಡಿಬಿ ತೋರಿಸುವ ಆ್ಯಪ್ ಸಾಕು. ಟೇಪಿನಲ್ಲಿ ಅಳೆಯಿರಿ. ಟಾಪ್ 10.9 ಮೀಟರ್, ಸಬ್ 9.8 ಮೀಟರ್ ಅಂದುಕೊಳ್ಳಿ. ನಮ್ಮ 24 ಡಿಗ್ರಿಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 346 ಮೀಟರ್ ಹೋಗುತ್ತದೆ, ಹಾಗಾಗಿ ಸಬ್ 3.2 ಮಿಲಿಸೆಕೆಂಡ್ ಮೊದಲೇ ತಲುಪುತ್ತಿದೆ. ಅಷ್ಟು ಡಿಲೇ (ತಡ) ಸಬ್ಬಿಗೆ ಕೊಡಿ. ಇದು ಆರಂಭ ಮಾತ್ರ. ಒಳಗಿನ ಫಿಲ್ಟರ್, ಡಿಎಸ್‌ಪಿ (ಸದ್ದು ಸಂಸ್ಕರಿಸುವ ಡಿಜಿಟಲ್ ಚಿಪ್) ತಿನ್ನುವ ಹೊತ್ತು ಬಾಕ್ಸಿಂದ ಬಾಕ್ಸಿಗೆ ಬೇರೆ.

ಇನ್ನು ಒಂದೇ ಟಾಪ್ ಆನ್ ಇಟ್ಟು 100 ಹರ್ಟ್ಜ್‌ನ ಟೋನ್ (ಒಂದೇ ಸ್ವರದ ಸದ್ದು) ಬಿಡಿ. ಆ್ಯಪ್ 80 ತೋರಿಸಿತು ಅನ್ನಿ. ಟಾಪ್ ಮುಚ್ಚಿ ಸಬ್ ಮಾತ್ರ ಬಿಟ್ಟು ಅದನ್ನೂ 80ಕ್ಕೆ ತನ್ನಿ. ಎರಡನ್ನೂ ತೆರೆದು, ಸಬ್ಬಿನ ಪೊಲಾರಿಟಿ (ಕೋನ್ ಒಳಹೊರಗೆ ಚಲಿಸುವ ದಿಕ್ಕು) ಬಟನ್ ಉಲ್ಟಾ ಮಾಡಿ. ಡಿಲೇಯನ್ನು ಅರ್ಧರ್ಧ ಮಿಲಿಸೆಕೆಂಡಿನಂತೆ ಅತ್ತಿತ್ತ ಸರಿಸುತ್ತ ಹೋದರೆ ಒಂದು ಕಡೆ ಟೋನ್ ಬಾವಿಗೆ ಬಿದ್ದ ಹಾಗೆ ಕುಸಿಯುತ್ತದೆ. 80 ಇದ್ದದ್ದು 70, ಒಳ್ಳೇ ಹಾಲ್ ಆದರೆ 65. ಅಲ್ಲಿ ನಿಲ್ಲಿಸಿ, ಪೊಲಾರಿಟಿ ಮತ್ತೆ ಮೊದಲಿನಂತೆ ಮಾಡಿ. ಈಗ 86ರ ಹತ್ತಿರ ತೋರಿಸಬೇಕು. ನೇರವಾಗಿ ಅತಿ ಜೋರಿನ ಜಾಗ ಹುಡುಕಬಾರದಾ ಅಂದರೆ, ಗುಡ್ಡದ ನೆತ್ತಿ ಚಪ್ಪಟೆ, ಒಂದು ಮಿಲಿಸೆಕೆಂಡ್ ಆಚೀಚೆಯಾದರೂ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಬಾವಿಯ ತಳ ಮೊನಚು. 100 ಹರ್ಟ್ಜ್‌ನ ಒಂದು ಸುತ್ತು 10 ಮಿಲಿಸೆಕೆಂಡ್ ಆದ್ದರಿಂದ ಇಂಥ ಬಾವಿ 10 ಮಿಲಿಸೆಕೆಂಡ್ ಆಚೆಯೂ ಸಿಗುತ್ತದೆ, ಟೇಪಿನ ಲೆಕ್ಕಕ್ಕೆ ಹತ್ತಿರದ್ದನ್ನೇ ಆರಿಸಿ. ಮೊಬೈಲಿನ ಅಂಕಿ ನಿಖರ ಅಲ್ಲ ಅನ್ನುವ ಚಿಂತೆ ಬೇಡ, ನಮಗೆ ಬೇಕಿರುವುದು ಏರಿಳಿತ ಮಾತ್ರ. ಮಿಕ್ಸರಿನಲ್ಲಿ ಡಿಲೇ ಇಲ್ಲದಿದ್ದರೆ ಸಬ್ಬನ್ನೇ ಹಿಂದೆ ಮುಂದೆ ಎಳೆದು ಇದೇ ಆಟ ಆಡಬಹುದು, ಬೆನ್ನು ನೋಯುತ್ತದೆ ಅಷ್ಟೆ.

ತಗಡಿನ ಸೂರಿಗೆ ಇನ್ನೊಂದು ಪರೀಕ್ಷೆ. ಜನ ಬರುವ ಮುಂಚೆ ಸಬ್ಬಿಗೆ ಮಾತ್ರ 40ರಿಂದ 120 ಹರ್ಟ್ಜ್‌ವರೆಗೆ ಟೋನನ್ನು ಮೆಲ್ಲಗೆ ಏರಿಸುತ್ತ ಕಿವಿ ಮೇಲಕ್ಕೆ ಕೊಡಿ. ಯಾವುದೋ ಒಂದು ಸ್ವರಕ್ಕೆ ಶೀಟು ಝರ್ ಅನ್ನುತ್ತದೆ: ವಾಷರ್ ಸಡಿಲವಾದ ಬೋಲ್ಟು, ಟ್ಯೂಬ್‌ಲೈಟಿನ ಪಟ್ಟಿ, ಸ್ಟೋರ್ ರೂಮಿನ ರೋಲಿಂಗ್ ಶಟರ್. ಶಟರಿಗೆ ಗೋಣಿ ತುರುಕಬಹುದು, ಸೂರಿಗೆ ಆಗುವುದಿಲ್ಲ. ಆ ಒಂದೇ ಸ್ವರವನ್ನು ಪ್ಯಾರಾಮೆಟ್ರಿಕ್ ಈಕ್ವಲೈಸರಿನಲ್ಲಿ ಕಿರಿದಾಗಿ 5–6 ಡಿಬಿ ಇಳಿಸಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಹಾಲ್ ಹಿಡಿದರೆ ಮಳೆಯೂ ಕಾರ್ಯಕ್ರಮದ ಭಾಗ. ತಗಡಿನ ಮೇಲೆ ಜಡಿಮಳೆ ಶುರುವಾದಾಗ ಮೇನ್ ಏರಿಸುತ್ತ ಹೋಗುವುದು ದಡ್ಡತನ, ಮೊದಲು ಏಳುವುದು ಹೌಲಿಂಗ್ (ಮೈಕ್ ಸ್ಪೀಕರಿನ ಸದ್ದನ್ನೇ ಹಿಡಿದು ಕೂಗುವುದು). ಸದ್ದಿನ ಮೂಲವನ್ನು ಜನರ ಹತ್ತಿರಕ್ಕೆ ಒಯ್ಯಬೇಕು. ಮಾನಿಟರಿಗೆ ತಂದ ಜೊತೆಯನ್ನು ಟಾಪಿಗಿಂತ 12 ಮೀಟರ್ ಹಿಂದೆ, ಎರಡೂ ಗೋಡೆಯ ಪಕ್ಕ, ಹಿಂದಿನ ಸಾಲುಗಳಿಗೆ ಮುಖ ಮಾಡಿ ನಿಲ್ಲಿಸುತ್ತೇನೆ. 16 ಮೀಟರ್ ದೂರದ ಬಾಕ್ಸು 5 ಮೀಟರಿಗೆ ಬಂದರೆ ನೇರ ಸದ್ದಿನಲ್ಲಿ 10 ಡಿಬಿ ಗಳಿಕೆ. 12 ಮೀಟರಿಗೆ 35 ಮಿಲಿಸೆಕೆಂಡ್, ಮೇಲೆ 10 ಸೇರಿಸಿ 45 ಡಿಲೇ. ಆ 10 ಯಾಕೆಂದರೆ, ಮೊದಲು ತಲುಪಿದ ಸದ್ದಿನ ಕಡೆಗೇ ಕಿವಿ ತಿರುಗುತ್ತದೆ. ಮಾತು ಪಕ್ಕದ ಗೋಡೆಯಿಂದಲ್ಲ, ವೇದಿಕೆಯಿಂದ ಬಂದ ಹಾಗೇ ಕೇಳುತ್ತದೆ. ಈ ಬಾಕ್ಸುಗಳಿಗೆ 150ರ ಕೆಳಗಿನದು ಏನೂ ಬೇಡ. ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್ ತೇವಕ್ಕೆ ಚಟಪಟ ಅನ್ನಲು ಶುರುಮಾಡುತ್ತದೆ, ಸಾಧ್ಯವಿದ್ದಲ್ಲೆಲ್ಲ ಡೈನಮಿಕ್ ಮೈಕೇ ಇರಲಿ.

ತಾಳಮದ್ದಲೆಯಲ್ಲಿ ಚೆಂಡೆಗೆ ಮೈಕ್ ಬೇಡವೇ ಬೇಡ. ಅರ್ಥಧಾರಿಗಳು ಸಾಲಾಗಿ ಕೂರುತ್ತಾರೆ, ತಲೆಗೊಂದು ಮೈಕ್. ತೆರೆದ ಮೈಕ್ ಇಮ್ಮಡಿಯಾದಾಗಲೆಲ್ಲ ಹೌಲಿಂಗ್ ಬರುವ ಮುಂಚಿನ ಅವಕಾಶ 3 ಡಿಬಿ ಕಡಿಮೆಯಾಗುತ್ತದೆ; ನಾಲ್ಕು ತೆರೆದಿಟ್ಟರೆ 6 ಡಿಬಿ ಹೋಯಿತು. ಮಾತಾಡದವರ ಫೇಡರನ್ನು 10 ಡಿಬಿ ಇಳಿಸಿ ಇಡಿ. ಪೂರ್ತಿ ಮುಚ್ಚಬೇಡಿ, ಸಂವಾದ ಬಿಸಿಯಾದಾಗ ಎದುರಾಳಿ ಹೇಳದೆ ಕೇಳದೆ ಬಾಯಿ ಹಾಕುತ್ತಾರೆ, ಮೊದಲ ಪದ ಸತ್ತರೆ ಸ್ವಾರಸ್ಯವೇ ಸತ್ತಿತು. ಮಾತಿನ ಎಲ್ಲ ಮೈಕಿಗೂ ಮಿಕ್ಸರಿನಲ್ಲಿ 120ರ ಹೈಪಾಸ್.

ಕರೆಂಟಿನ ವಿಷಯಕ್ಕೆ ಮಲ್ಟಿಮೀಟರ್ ಇಲ್ಲದೆ ಪ್ಲಗ್ ಹಾಕಬೇಡಿ. ಫೇಸ್ ನ್ಯೂಟ್ರಲ್ ಮಧ್ಯೆ 230ರ ಆಸುಪಾಸು, ನ್ಯೂಟ್ರಲ್ ಅರ್ತ್ ಮಧ್ಯೆ 2–3 ವೋಲ್ಟಿನೊಳಗೆ. ಫೇಸ್ ನ್ಯೂಟ್ರಲ್ 270, 300 ಅಂತ ಏರುತ್ತಿದ್ದರೆ ತ್ರೀಫೇಸಿನ ನ್ಯೂಟ್ರಲ್ ಸಡಿಲ. ಮುಟ್ಟದೆ ಎಲೆಕ್ಟ್ರಿಷಿಯನ್ ಕರೆಸಿ. ಸಂಜೆ ಊರಿನ ತುದಿಯ ಹಾಲ್‌ಗಳಲ್ಲಿ 180ಕ್ಕೆ ಇಳಿಯುವುದು ಮಾಮೂಲು. ಬೆನ್ನಿನ ಲೇಬಲ್ಲಿನಲ್ಲಿ 100–240 ಅಂತ ಬರೆದ ಬಾಕ್ಸ್ ಅದನ್ನು ತಡೆಯುತ್ತದೆ, ಬರೀ 220–240 ಅಂತಿದ್ದದ್ದು ಬೇಸಿನ ಹೊಡೆತಕ್ಕೆ ಬಾಯಿ ಮುಚ್ಚುತ್ತದೆ. 0.75 ಚದರ ಮಿ.ಮೀ. ವೈರನ್ನು 30 ಮೀಟರ್ ಎಳೆದರೆ 5 ಆಂಪಿಯರಿಗೆ ಸುಮಾರು 7 ವೋಲ್ಟ್ ಅಲ್ಲೇ ನಷ್ಟ, 2.5ರ ವೈರಿನಲ್ಲಿ 2 ವೋಲ್ಟ್. ಮಿಕ್ಸರ್, ಟಾಪ್, ಸಬ್ ಎಲ್ಲ ಒಂದೇ ಬೋರ್ಡಿನಿಂದ. ಲ್ಯಾಪ್‌ಟಾಪ್ ಹಾಕಿದಾಗ ಗುಂಯ್‌ಗುಟ್ಟಿದರೆ ನಡುವೆ ಡಿಐ ಬಾಕ್ಸ್ (ಅದರ ಸದ್ದನ್ನು ಮಿಕ್ಸರಿಗೆ ಹೊಂದಿಸುವ ಡಬ್ಬಿ) ಹಾಕಿ ಅದರ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್ಲಿನ ಅರ್ತ್ ಕೊಂಡಿ ಬಿಡಿಸುವ ಬಟನ್) ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮುರಿದು ಹಮ್ ನಿಲ್ಲಿಸುವವರು ಇನ್ನೂ ಇದ್ದಾರೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮೈಕ್ ಹಿಡಿಯುವುದು ಅವರಲ್ಲ. ಆನ್ ಮಾಡುವಾಗ ಮಿಕ್ಸರ್ ಮೊದಲು ಬಾಕ್ಸ್ ಕೊನೆಗೆ, ಆಫ್ ಮಾಡುವಾಗ ಬಾಕ್ಸ್ ಮೊದಲು.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು ಅನ್ನುವುದು 2000ದ ಶಬ್ದಮಾಲಿನ್ಯ ನಿಯಮ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ, ಆದರೆ ಮೂರು ಕಡೆ ತೆರೆದ ಚಪ್ಪರ ಸಭಾಂಗಣ ಆಗುವುದಿಲ್ಲ. ಗೋಡೆ ದಾಟಿ ಪಕ್ಕದ ಮನೆಗೆ ಹೋಗುವುದು ಬೇಸೇ ಆದ್ದರಿಂದ ಸಬ್ಬಿಗೆ ಬೇರೆ ಫೇಡರ್ ಇರುವುದು ಇಲ್ಲೂ ಅನುಕೂಲ. ಕಾಲಮಿತಿಯ ಪ್ರಸಂಗ ಸ್ವಲ್ಪ ಎಳೆದರೆ ಅದೊಂದನ್ನು ಇಳಿಸುತ್ತೇನೆ, ಮಾತು ಹಾಗೇ ಉಳಿಯುತ್ತದೆ.

ಮಳೆಗಾಲದಲ್ಲಿ ಕೆಲಸ ಇಲ್ಲದ ಬಾಕ್ಸುಗಳು ಹಾಳಾಗುವುದು ಕಾರ್ಯಕ್ರಮದಲ್ಲಲ್ಲ, ಗೋಡೌನಿನಲ್ಲಿ. ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ. ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಉಳಿದು ಜಾಲರಿಯ ಹಿಂದಿನ ಸ್ಪಂಜಿಗೆ ಬೂಷ್ಟು ಹಿಡಿಯುತ್ತದೆ, ಬಟ್ಟೆಯ ಕವರೇ ಸರಿ. ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ ಮೆಲ್ಲಗೆ ಹಾಡು ಹಾಕಿ, ಒಳಗಿನ ಬಿಸಿಯೇ ತೇವ ಒಣಗಿಸುತ್ತದೆ. ಎಕ್ಸ್‌ಎಲ್‌ಆರ್ ಪಿನ್ನು, ಪಿ-38 (ಕಾಲಿಂಚಿನ) ಜ್ಯಾಕುಗಳಿಗೆ ತಿಂಗಳಿಗೊಮ್ಮೆ ಕಾಂಟ್ಯಾಕ್ಟ್ ಕ್ಲೀನರ್. ಸಬ್ಬಿನ ಗಾಳಿ ತೂತಿಗೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿಡಿ. ಹಲ್ಲಿ, ಜಿರಳೆಗೆ ಅದಕ್ಕಿಂತ ಬೆಚ್ಚಗಿನ ಮನೆ ಇಲ್ಲ. ಕಾರ್ಯಕ್ರಮದ ದಿನ ಆ ಪರದೆ ಬಿಚ್ಚಲು ಮರೆತರೆ ಮೊದಲ ಡಗ್ಗಾದ ಪೆಟ್ಟಿಗೇ ತೂತಿನಿಂದ ಪಟಪಟ ಸದ್ದು ಬರುತ್ತದೆ, ಕೋನ್ ಹರಿದಿದೆ ಅಂದುಕೊಂಡು ಬಾಕ್ಸ್ ಬಿಚ್ಚಬೇಡಿ.